ಹಿಂದೆ ನಿಂತವರು

‘ಹಿಂದೆ ಗುರುವಿರಬೇಕು, ಮುಂದೆ ಗುರಿಯಿರಬೇಕು’ ಎಂಬ ನಾಣ್ಣುಡಿಯನ್ನು ಕೇಳದ ಕನ್ನಡಿಗನಿರಲಾರನು. ಪ್ರೌಢಶಾಲೆಯ ಪಡಸಾಲೆಯ ಗೋಡೆಗಳ ಮೇಲೆ, ಬೀಳ್ಕೊಡುಗೆಯ ಭಾಷಣಗಳಲ್ಲಿ, ಮಠಗಳ ಕ್ಯಾಲೆಂಡರಿನ ಹಾಳೆಗಳ ಅಡಿಯಲ್ಲಿ ಅದು ಎಷ್ಟು ಸಲ ನಮಗೆ ಎದುರಾಗಿದೆಯೆಂದರೆ, ಓದುವ ಕಣ್ಣು ಅರ್ಥದವರೆಗೆ ಹೋಗುವ ಶ್ರಮವನ್ನೇ ವಹಿಸುವುದಿಲ್ಲ. ಬಾಳಿಗೆ ಒಂದು ಉಪದೇಶವೂ ಒಂದು ಉದ್ದೇಶವೂ ಬೇಕೆಂಬಷ್ಟನ್ನು ಗ್ರಹಿಸಿ ಸುಮ್ಮನಾಗುತ್ತೇವೆ. ಆದರೆ ಈ ಗಾದೆಯನ್ನು ಕಟ್ಟಿದ ಅನಾಮಿಕನು ಎರಡಕ್ಕೂ ಒಂದೊಂದು ಸ್ಥಾನವನ್ನು ನಿಯಮಿಸಿದ್ದಾನೆ. ಮಾರ್ಗದರ್ಶಿಯೆಂದು ನಾವು ಕೊಂಡಾಡುವ ಗುರುವನ್ನು ಮುಂದೆ ನಡೆಸದೆ ಹಿಂದೆ ನಿಲ್ಲಿಸಿದ್ದಾನೆ. ಏಕೆಂದು ಕೇಳಿಕೊಂಡವರು ಕಡಮೆ.

ಉತ್ತರವು ಆದಿಪರ್ವದಲ್ಲಿದೆಯೆಂದು ನನ್ನ ಭಾವನೆ. ಮರದ ಮೇಲೆ ಕೃತಕ ಪಕ್ಷಿಯೊಂದನ್ನಿರಿಸಿ, ಬಿಲ್ಲನ್ನೆಳೆದು ನಿಂತ ಶಿಷ್ಯರನ್ನು ದ್ರೋಣಾಚಾರ್ಯರು ಒಬ್ಬೊಬ್ಬರನ್ನಾಗಿ ನಿನಗೇನು ಕಾಣುತ್ತಿದೆಯೆಂದು ಪ್ರಶ್ನಿಸಿದ ಪ್ರಸಂಗವು ಸರ್ವವಿದಿತವಷ್ಟೆ. ಮರವೂ ಕಾಣುತ್ತದೆ, ಸೋದರರೂ ಕಾಣುತ್ತಾರೆ, ತಾವೂ ಕಾಣುತ್ತೀರಿ ಎಂದು ವಿನಯದಿಂದ ಉತ್ತರಿಸಿದ ಧರ್ಮರಾಯನನ್ನು ಆಚಾರ್ಯರು ಪಕ್ಕಕ್ಕೆ ಸರಿಸಿದರು. ಪಕ್ಷಿಯ ಶಿರಸ್ಸಲ್ಲದೆ ಮತ್ತೇನೂ ಕಾಣದೆಂದ ಅರ್ಜುನನಿಗೆ ಬಾಣಪ್ರಯೋಗದ ಅಪ್ಪಣೆಯಾಯಿತು. ಏಕಾಗ್ರತೆಯ ದೃಷ್ಟಾಂತವೆಂದು ಈ ಕಥೆಯನ್ನು ಹೇಳುವವರೆಲ್ಲರೂ, ಗುರುವು ಕಾಣಿಸುತ್ತಾನೆಂದವನು ಅನುತ್ತೀರ್ಣನಾಗಿ, ಗುರುವನ್ನೇ ಕಾಣೆನೆಂದವನು ಉತ್ತೀರ್ಣನಾದನೆಂಬ ಸೂಕ್ಷ್ಮವನ್ನು ದಾಟಿಹೋಗುತ್ತಾರೆ. ಗುರಿಯೆಡೆಗೆ ದೃಷ್ಟಿಯಿಟ್ಟಿರುವಷ್ಟು ಕಾಲ ಗುರುವು ಶಿಷ್ಯನ ಕಣ್ಣಿಗೆ ಬೀಳಬಾರದು. ಬಿದ್ದರೆ ಗುರುವಿನ ಕೆಲಸ ಪೂರ್ತಿಯಾಗಿಲ್ಲವೆಂದರ್ಥ. (ಇದೇ ದ್ರೋಣರು ಹಿಂದೆಯೂ ಇಲ್ಲದೆ, ಬರಿಯ ಮಣ್ಣಿನ ಪ್ರತಿಮೆಯಾಗಿ ಕಲಿಸಿದ ಇನ್ನೊಬ್ಬ ಶಿಷ್ಯನಿಂದ ಹೆಬ್ಬೆರಳನ್ನು ಕೇಳಿ ತೆಗೆದುಕೊಂಡರೆಂಬುದನ್ನು ಗಾದೆಯವನು ಮರೆತಂತಿದೆ, ನಾವು ಮರೆಯಬೇಕಾಗಿಲ್ಲ.) ಹೀಗೆ ನೋಡಿದರೆ ವಿದ್ಯಾರ್ಥಿಯು ತನ್ನ ಗುರುವನ್ನು ಕೆಲವು ಕಾಲ ಮರೆತಿರುವುದು ಕೃತಘ್ನತೆಯಲ್ಲ, ಪಾಠದ ಒಂದು ಭಾಗ.

ಗುರುಗಳೊಳಗೂ ಭಾಷೆಯನ್ನು ಕಲಿಸುವವನು ಎಲ್ಲರಿಗಿಂತ ಹಿಂದಿನ ಸಾಲಿನವನು. ಗಣಿತದ ಮಾಸ್ತರರನ್ನು ಎಂಜಿನಿಯರನಾದವನು ನೆನೆಯುತ್ತಾನೆ, ವಿಜ್ಞಾನದ ಮಾಸ್ತರರನ್ನು ವೈದ್ಯನಾದವನು ನೆನೆಯುತ್ತಾನೆ. ಅವರು ಕಲಿಸಿದ್ದು ಗುರಿಯ ದಾರಿಯಲ್ಲಿಯೇ ಇತ್ತು. ಕನ್ನಡವನ್ನು ಗುರಿಯಾಗಿಟ್ಟುಕೊಂಡ ಹುಡುಗನು ಹತ್ತನೆಯ ತರಗತಿಯಲ್ಲಿ ನೂರಕ್ಕೊಬ್ಬನೂ ಸಿಗಲಾರನು. ಆದರೆ ಇತರ ವಿಷಯಗಳನ್ನು ಹೇಳುವುದಕ್ಕೂ ಕೇಳುವುದಕ್ಕೂ ಯಾವುದು ಬೇಕೋ ಅದನ್ನೇ ಈತನು ಕೊಟ್ಟಿರುವುದರಿಂದ, ಕೊಟ್ಟದ್ದು ಯಾರೆಂಬ ಲೆಕ್ಕ ನಡುವಯಸ್ಸಿನವರೆಗೆ ತೆರೆಯುವುದೇ ಇಲ್ಲ.

ಇದನ್ನು ಬರೆಯಲು ಪ್ರೇರಣೆ ದೊರೆತದ್ದು ಗೋವೆಯ ಸಾಂಕೋಲೆಯಲ್ಲಿ. ಜುವಾರಿ ನದಿಯ ದಂಡೆಯಿಂದ ಮೇಲಣ ಪ್ರಸ್ಥಭೂಮಿಯವರೆಗೆ ಹಬ್ಬಿರುವ ಈ ಗ್ರಾಮದ ಎತ್ತರದ ಭಾಗಕ್ಕೆ ಜುವಾರಿನಗರವೆಂದು ಹೆಸರು. 1970ರ ದಶಕದಲ್ಲಿ ರಸಗೊಬ್ಬರದ ಕಾರ್ಖಾನೆ ಉತ್ಪಾದನೆಯನ್ನಾರಂಭಿಸಿದ ಮೇಲೆ ಇದರ ಸುತ್ತ ನೆಲೆಸಿದವರಲ್ಲಿ ಬಾಗಲಕೋಟೆ, ವಿಜಯಪುರ, ಕೊಪ್ಪಳ, ಹಾವೇರಿಗಳ ಕಡೆಯಿಂದ ದುಡಿಮೆಯನ್ನರಸಿ ಬಂದ ಕನ್ನಡಿಗರು ಬಹಳ. ಒಂದು ಭಾನುವಾರ ಅಲ್ಲಿಯ ಒಂದು ಮನೆಯಲ್ಲಿ, ಘಟ್ಟದ ಮೇಲಿನ ಒಂದೇ ಶಾಲೆಯಲ್ಲಿ ಕಲಿತ ನಾಲ್ಕಾರು ಜನರು ಕೂಡಿದ್ದರು. ಅವರ ಕನ್ನಡದ ಮಾಸ್ತರರು ತೀರಿಕೊಂಡ ಸುದ್ದಿ ಆ ವಾರ ಬಂದಿತ್ತು. ಶೋಕಸಭೆಯನ್ನು ನಿರೀಕ್ಷಿಸಿ ಹೋದ ನನಗೆ ಕೇಳಿದ್ದು ನಗೆ.

ನಿವೃತ್ತನಾದ ಒಬ್ಬ ವೆಲ್ಡರನು ಹಳೆಯ ಪತ್ರಿಕೆಯಿಂದ ಬೆರಳಗಲದ ಚೂರೊಂದನ್ನು ಹರಿದು, ಅದನ್ನು ತುಟಿಯ ಮುಂದೆ ಇಳಿಬಿಟ್ಟು ಹಿಡಿದು, ‘ಪ’ ಎಂದನು. ಕಾಗದ ಅಲುಗಿತೋ ಇಲ್ಲವೋ ಎಂಬಂತಿತ್ತು. ‘ಫ’ ಎಂದನು, ಅದು ಹಾರಿ ಅವನ ಮೂಗಿಗೆ ತಗುಲಿತು. ಅಲ್ಪಪ್ರಾಣ ಮಹಾಪ್ರಾಣಗಳನ್ನು ಮಾಸ್ತರರು ಬೋಧಿಸಿದ ರೀತಿಯದು. ವ್ಯಾಕರಣದ ಪುಸ್ತಕವನ್ನು ಮುಚ್ಚಿಸಿ, ಅರುವತ್ತು ಹುಡುಗರ ಕೈಯಲ್ಲಿ ಅರುವತ್ತು ಕಾಗದದ ಚೂರುಗಳನ್ನು ಹಿಡಿಸಿ, ವರ್ಗವೆಲ್ಲ ‘ಕ, ಖ’ ಎಂದು ಊದುವಂತೆ ಮಾಡಿದ್ದರಂತೆ. ಗದ್ದಲವನ್ನು ಕೇಳಿ ಓಡಿಬಂದ ಹೆಡ್‌ಮಾಸ್ತರರ ಕೈಗೂ ಒಂದು ಚೂರನ್ನು ಕೊಟ್ಟಿದ್ದರಂತೆ. ಇನ್ನೊಬ್ಬನು ‘ನನ್ನ ಜೀವನದ ಧ್ಯೇಯ’ ಎಂಬ ನಿಬಂಧದಲ್ಲಿ ತಾನು ವಿಮಾನದ ಪೈಲಟ್ ಆಗುವೆನೆಂದು ಎರಡು ಪುಟ ಬರೆದು, ‘ಧ್ಯೇಯ’ವನ್ನು ಎಲ್ಲೆಲ್ಲಿಯೂ ‘ದ್ಯೇಯ’ವೆಂದೇ ಬರೆದಿದ್ದನು. ಮಾಸ್ತರರು ಪೈಲಟ್ಟಿನ ವಿಚಾರವನ್ನು ಮುಟ್ಟಲಿಲ್ಲ. “ವಿಮಾನ ಆಮ್ಯಾಲ ಹಾರಸೂಣಂತ ತಮ್ಮಾ, ಮೊದಲ ನಿನ್ನ ಧ್ಯೇಯದ ಹೊಟ್ಟಿ ಸೀಳು” ಎಂದು ಕೆಂಪು ಮಸಿಯ ಪೆನ್ನನ್ನು ಅವನ ಕೈಗೇ ಕೊಟ್ಟರು. ಬಂದರಿನಲ್ಲಿ ಕ್ರೇನನ್ನು ನಡೆಸಿ ನಿವೃತ್ತನಾಗುವವರೆಗೂ ಅವನು ‘ಧ’ಕಾರವನ್ನು ಬರೆಯುವಾಗ ಒಂದು ಕ್ಷಣ ನಿಲ್ಲುತ್ತಿದ್ದನಂತೆ.

ಇವರಲ್ಲಿ ಯಾರಿಗೂ ಒಂದು ಪಾಠದ ಸಾರಾಂಶವೂ ನೆನಪಿರಲಿಲ್ಲ. ಹಳಗನ್ನಡದ ಪದ್ಯಗಳನ್ನು ಮಾಸ್ತರರು ಕಣ್ಮುಚ್ಚಿ ಓದುತ್ತಿದ್ದರೆಂಬುದು ನೆನಪಿತ್ತು, ಯಾವ ಪದ್ಯವೆಂಬುದು ಮರೆತಿತ್ತು. ತಿಳಿದವರು ಇದನ್ನು ಶಿಕ್ಷಣದ ವೈಫಲ್ಯವೆಂದು ಕರೆದಾರು. ನಾನು ಹಾಗೆ ಕರೆಯಲಾರೆ. ಅವರೊಳಗೊಬ್ಬನು, ಮಾತು ಕಡಮೆಯವನು, ತನ್ನ ತಂದೆಯ ಶಿವಗಣಾರಾಧನೆಯ ಕಾರ್ಡಿನ ಒಕ್ಕಣೆಯನ್ನು ಪ್ರೆಸ್ಸಿನವರು ಇಟ್ಟುಕೊಂಡಿದ್ದ ಮಾದರಿಯಿಂದ ಎತ್ತಿಕೊಳ್ಳದೆ ತಾನೇ ಕುಳಿತು ಬರೆದೆನೆಂದೂ, ಬರೆಯುತ್ತಿದ್ದಾಗ ಬೆನ್ನಿನ ಹಿಂದೆ ಯಾರೋ ನಿಂತು ಸಾಲುಗಳನ್ನು ಓದುತ್ತಿರುವಂತೆ ತೋರಿ ಎರಡು ಸಲ ಹೊರಳಿ ನೋಡಿದೆನೆಂದೂ ಹೇಳಿದನು. ಗಾದೆಯ ಪೂರ್ವಾರ್ಧಕ್ಕೆ ಇದಕ್ಕಿಂತ ನೇರವಾದ ಭಾಷ್ಯವನ್ನು ಪಂಡಿತರೂ ಬರೆಯಲಾರರೆಂದು ನನಗನ್ನಿಸಿತು.

ಇನ್ನು ಪೂರ್ವಾರ್ಧವು ಕೈಗೂಡದೆ ಉತ್ತರಾರ್ಧವಷ್ಟೇ ದೊರೆತವನ ಪಾಡೇನು? ಅದಕ್ಕೂ ಸಾಂಕೋಲೆಯೇ ಉದಾಹರಣೆಯನ್ನೊದಗಿಸುತ್ತದೆ. ಬೌದ್ಧ ವಿದ್ವಾಂಸರಾದ ಧರ್ಮಾನಂದ ಕೋಸಂಬಿಯವರು 1876ರ ಅಕ್ಟೋಬರ್ 9ರಂದು ಜನಿಸಿದ್ದು ಈ ಗ್ರಾಮದಲ್ಲಿ. ಪೋರ್ಚುಗೀಸರ ಆಳ್ವಿಕೆಯ ಆ ಹಳ್ಳಿಗಾಡಿನಲ್ಲಿ ಅವರಿಗೆ ಕ್ರಮವಾದ ವಿದ್ಯಾಭ್ಯಾಸ ದೊರೆಯಲಿಲ್ಲ. ‘ಬಾಲಬೋಧ’ವೆಂಬ ಮರಾಠಿ ಮಾಸಿಕದಲ್ಲಿ ಬುದ್ಧನ ಚರಿತ್ರೆಯನ್ನೋದಿದ ತರುಣನ ಮುಂದೆ ಗುರಿಯೊಂದು ಎದ್ದು ನಿಂತಿತು, ಹಿಂದೆ ಗುರುವಿರಲಿಲ್ಲ. ಆದುದರಿಂದ ಗೃಹಸ್ಥನಾಗಿದ್ದ ಅವರು 1899ರ ಕೊನೆಯಲ್ಲಿ ಮನೆಯನ್ನು ತೊರೆದು, ಪುಣೆ, ಗ್ವಾಲಿಯರ್‌ಗಳನ್ನು ಹಾದು, ಕಾಶಿಯಲ್ಲಿ ಅನ್ನಛತ್ರದ ಊಟವನ್ನುಂಡು ಸಂಸ್ಕೃತವನ್ನು ಕಲಿತು, ನೇಪಾಳವನ್ನು ಕಂಡು, ಕಡೆಗೆ ಸಿಂಹಳದ ವಿದ್ಯೋದಯ ವಿದ್ಯಾಲಯದಲ್ಲಿ ಸುಮಂಗಲ ಮಹಾಸ್ಥವಿರರ ಪದತಲದಲ್ಲಿ ಪಾಳಿಭಾಷೆಯನ್ನು ಕಲಿಯುವವರೆಗೂ ಗುರುವನ್ನು ಮುಂದೆ ಮುಂದೆ ಅರಸುತ್ತ ನಡೆಯಬೇಕಾಯಿತು. ಗುರುವು ಹಿಂದಿರುವ ಭಾಗ್ಯವುಳ್ಳವರು ನಡೆಯಬೇಕಾಗದ ದಾರಿಯದು.

ಅಷ್ಟು ದೂರ ನಡೆದವರು ತಾವು ಗುರುವಾದಾಗ ಎಲ್ಲಿ ನಿಂತರು? 1912ರಿಂದ ಆರು ವರ್ಷ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಳಿಯ ಅಧ್ಯಾಪಕರಾಗಿದ್ದಾಗ ಅವರ ಶಿಷ್ಯರಾದ ಪು. ವಿ. ಬಾಪಟರು, 1956ರಲ್ಲಿ ಬುದ್ಧಜಯಂತಿಯ ಸಂದರ್ಭಕ್ಕೆ ಭಾರತ ಸರಕಾರವು ಪ್ರಕಟಿಸಿದ ಬೌದ್ಧಧರ್ಮದ 2500 ವರ್ಷಗಳ ಇತಿಹಾಸಗ್ರಂಥವನ್ನು ಸಂಪಾದಿಸಿದರು. ಗುರುಗಳು ಅದನ್ನು ನೋಡಲಿಲ್ಲ. 1947ರ ಜೂನ್ 4ರಂದು ಸೇವಾಗ್ರಾಮದಲ್ಲಿ ಅವರು ದೇಹವನ್ನು ಬಿಟ್ಟಿದ್ದರು. ಅಮೆರಿಕದ ಹಾರ್ವರ್ಡಿನಲ್ಲಿ ಅವರು ಬಹುಕಾಲ ದುಡಿದ ‘ವಿಸುದ್ಧಿಮಗ್ಗ’ವೆಂಬ ಪಾಳಿಗ್ರಂಥದ ಪರಿಷ್ಕರಣವೂ ಅಚ್ಚಾದದ್ದು 1950ರಲ್ಲಿ. ಶಿಷ್ಯರು ನೆನೆಯುವುದು ಎಂದರೆ ಭಾಷಣವೇ ಆಗಬೇಕೆಂದಿಲ್ಲ, ಗುರುವು ತೋರಿದ ಹಾದಿಯಲ್ಲಿ ಒಂದು ಗ್ರಂಥವನ್ನು ತಪ್ಪಿಲ್ಲದೆ ಸಂಪಾದಿಸುವುದೂ ಸ್ಮರಣೆಯೇ.

ಕನ್ನಡದ ಗಡಿಯಲ್ಲಿ ಹೀಗೆ ಹಿಂದೆ ನಿಂತವರ ಪೈಕಿ ನನಗೆ ಮೊದಲು ನೆನಪಾಗುವವರು ಕಯ್ಯಾರ ಕಿಞ್ಞಣ್ಣ ರೈಗಳು. ಕಾಸರಗೋಡಿನ ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅವರು ಕನ್ನಡವನ್ನು ಕಲಿಸುತ್ತಿದ್ದಂತೆಯೇ, 1956ರ ನವೆಂಬರ್ 1ರಂದು ಶಾಲೆಯೂ ಊರೂ ಕೇರಳಕ್ಕೆ ಸೇರಿಹೋದುವು. ಶಿಷ್ಯರ ಉದ್ಯೋಗ, ಪರೀಕ್ಷೆ, ಕಚೇರಿ ಎಲ್ಲವೂ ಇನ್ನೊಂದು ಭಾಷೆಯ ಕಡೆಗೆ ಮುಖಮಾಡಿದ ಮೇಲೂ ಕನ್ನಡದ ಅಧ್ಯಾಪಕನು ತನ್ನ ಸ್ಥಾನವನ್ನು ಬಿಡಲಿಲ್ಲ. ಏಕೀಕರಣಕ್ಕಾಗಿ ಬೀದಿಗಿಳಿದು ಹೋರಾಡಿದ ಅದೇ ಮನುಷ್ಯನು ತರಗತಿಯಲ್ಲಿ ಎಂದಿನಂತೆ ಪಾಠ ಹೇಳಿದನು. 1969ರಲ್ಲಿ ರಾಷ್ಟ್ರಪ್ರಶಸ್ತಿ ಬಂದಿತು. ಶತಮಾನವನ್ನು ಪೂರೈಸಿ, 2015ರ ಆಗಸ್ಟ್ 9ರಂದು ಅವರು ಅಗಲಿದಾಗ, ಅವರ ಮೊದಲ ಶಿಷ್ಯರು ತಾವೇ ಅಜ್ಜಂದಿರಾಗಿದ್ದರು. ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟವರು ಮೆರವಣಿಗೆಯ ಗುರುವಲ್ಲವೆಂಬುದು ಸ್ಪಷ್ಟ. ರಾಣೆಬೆನ್ನೂರಿನಲ್ಲಿ ಹುಟ್ಟಿ, ಗೋಕರ್ಣದ ಬಳಿಯ ಬಂಕಿಕೊಡ್ಲದ ಪ್ರೌಢಶಾಲೆಯಲ್ಲಿ ಆಯುಷ್ಯದ ಬಹುಭಾಗವನ್ನು ಸವೆಸಿದ ಕವಿ ಸು. ರಂ. ಎಕ್ಕುಂಡಿಯವರೂ ಇದೇ ಸಾಲಿನವರು. ‘ಬಕುಲದ ಹೂವುಗಳು’ ಕೃತಿಗೆ 1992ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆತದ್ದು ಅವರು ಶಾಲೆಯಿಂದ ನಿವೃತ್ತರಾಗಿ ಬಹುಕಾಲದ ಮೇಲೆ.

ಮೆರವಣಿಗೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಈಚೆಗೆ ಊರೂರುಗಳಲ್ಲಿ ಹಳೆಯ ವಿದ್ಯಾರ್ಥಿಗಳ ಗುರುವಂದನೆಗಳು ನಡೆಯುತ್ತಿವೆ. ಎಂಬತ್ತು ವರ್ಷದ ಮಾಸ್ತರರನ್ನು ಅಲಂಕೃತವಾದ ಬಂಡಿಯಲ್ಲಿ ಕೂಡಿಸಿ, ಡೊಳ್ಳು ಬಾರಿಸಿ, ಪಾದವನ್ನು ತೊಳೆದು, ಶಾಲು ಹೊದಿಸಿ, ಫಲಪುಷ್ಪಗಳ ಬುಟ್ಟಿಯನ್ನು ಅವರ ನಡುಗುವ ಕೈಗೆ ಕೊಟ್ಟು ಭಾವಚಿತ್ರವನ್ನು ತೆಗೆಸುತ್ತಾರೆ. ಭಾವನೆ ಸುಳ್ಳೆಂದು ನಾನೆನ್ನುವುದಿಲ್ಲ. ಆದರೆ ಆ ಮೂರು ಗಂಟೆಗಳ ಕಾಲದಲ್ಲಿ ವೃದ್ಧರನ್ನು ಒಂದು ಪದ್ಯವನ್ನು ಓದಿರೆಂದು ಕೇಳುವವರೇ ಇರುವುದಿಲ್ಲ. ಸಾಂಕೋಲೆಯಲ್ಲಿ ಆರೋಗ್ಯಮಾತೆಯ ಪುರಾತನ ಇಗರ್ಜಿಯೊಂದಿತ್ತು. 1834ರ ಬೆಂಕಿಗೆ ಅದೆಲ್ಲ ಆಹುತಿಯಾಗಿ, ಕೆತ್ತನೆಯ ಮುಮ್ಮುಖವೊಂದೇ ಇಂದಿಗೂ ನಿಂತಿದೆ. ಮುಂದಿನಿಂದ ನೋಡಿದರೆ ಭವ್ಯ, ಬಾಗಿಲನ್ನು ದಾಟಿದರೆ ಬಯಲು. ಕೆಲವು ಗುರುವಂದನೆಗಳಿಂದ ಮರಳುವಾಗ ನನಗೆ ಆ ಕಟ್ಟಡ ನೆನಪಾಗುವುದುಂಟು. ಕಾಗದದ ಚೂರನ್ನು ಹಿಡಿದು ‘ಫ’ ಎಂದವನು ಶಾಲು ತಂದಿರಲಿಲ್ಲ.

ಜುವಾರಿನಗರದ ಈಗಿನ ಮಕ್ಕಳಿಗೆ ಗುರಿಗಳ ಕೊರತೆಯಿಲ್ಲ. 2004ರಿಂದ ಅಲ್ಲಿಯೇ ಇರುವ ಬಿಟ್ಸ್ ಪಿಲಾನಿಯ ಎತ್ತರದ ಆವರಣವನ್ನು ಅವರು ದಿನವೂ ನೋಡುತ್ತಾರೆ. ಕನ್ನಡ ಮಾಧ್ಯಮದ ಶಾಲೆಗಳು ಗೋವೆಯಲ್ಲಿ ಕೆಲವೇ ಆದುದರಿಂದ ಅವರಲ್ಲಿ ಹಲವರಿಗೆ ಭಾಷೆಯ ಗುರುವಾಗಿ ದೊರೆಯುವವರು ಕೊಂಕಣಿಯವರೋ ಮರಾಠಿಯವರೋ ಇಂಗ್ಲಿಷಿನವರೋ ಆಗಿರುತ್ತಾರೆ. ಇದಕ್ಕಾಗಿ ನನಗೆ ವ್ಯಥೆಯಿದೆ, ಹತಾಶೆಯಿಲ್ಲ. ಗಾದೆಯು ಗುರುವಿನ ಸ್ಥಾನವನ್ನು ಹೇಳಿತೇ ಹೊರತು ಗುರುವಿನ ಭಾಷೆಯನ್ನು ಹೇಳಲಿಲ್ಲ. ಆ ವೆಲ್ಡರನ ಮೊಮ್ಮಗಳು ದೇವನಾಗರಿಯಲ್ಲಿ ಕೊಂಕಣಿಯನ್ನು ಓದುವವಳು. ಅಜ್ಜನ ಕಾಗದದ ಚೂರನ್ನು ಅವಳೂ ಊದಿ ಹಾರಿಸಿ, ಬಳಿಕ ತನ್ನ ನೋಟುಪುಸ್ತಕದಲ್ಲಿ ಕೊಂಕಣಿಯ ‘ಧ’ವನ್ನು ಬರೆದು ತೋರಿಸಿ, “ಇದಕ್ಕ ಸೀಳಾಕ ಹೊಟ್ಟಿನೇ ಇಲ್ಲಲ್ಲ ಅಜ್ಜಾ, ಎಲ್ಲಿ ಸೀಳ್ಲಿ?” ಎಂದು ಕೇಳಿದಳು. ಅಜ್ಜನು ಅದನ್ನು ಎರಡು ಕಡೆಯಿಂದ ತಿರುಗಿಸಿ ನೋಡಿ, “ಅದನ್ನ ನಿಮ್ಮ ಟೀಚರಿಗೇ ಕೇಳವ್ವಾ” ಎಂದು ಪುಸ್ತಕವನ್ನು ಹಿಂದಿರುಗಿಸಿದನು.