ಪಂಕ್ತಿಯಲ್ಲಿ ಇನ್ನೊಂದು ಎಲೆ

ಕಾಲೇಜಿಗೆ ಸೇರುವುದನ್ನು ನಾವು ‘ದಾಖಲಾತಿ’ ಎನ್ನುತ್ತೇವೆ; ಅದಕ್ಕೆ ಬೇಕಾದ ಕಾಗದಪತ್ರ ‘ದಾಖಲೆ’. ಎರಡೂ ಅರಬ್ಬಿ ಮೂಲದವು. ಆ ಮೂಲದ ಅರ್ಥ ‘ಒಳಗೆ ಬರುವುದು’. ನಮ್ಮಲ್ಲಿಗೆ ಬರುವ ಹೊತ್ತಿಗೆ ಆ ಬರುವಿಕೆ ಕಾಗದವಾಗಿ ಗಟ್ಟಿಯಾಗಿಬಿಟ್ಟಿದೆ. ಕಾಗದವಿದ್ದವರು ಒಳಗೆ, ಇಲ್ಲದವರು ಬಾಗಿಲಾಚೆ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿದಾಗ ಎಷ್ಟೋ ಊರುಗಳ ಜನ ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿದರು. ಅಂಥ ರಾತ್ರಿ ಉಟ್ಟ ಬಟ್ಟೆಯಲ್ಲಿ ಹೊರಟ ಹುಡುಗಿ ಟ್ರಂಕಿನ ತಳದ ಅಂಕಪಟ್ಟಿ, ಟಿ.ಸಿ., ಆದಾಯ ಪ್ರಮಾಣಪತ್ರಗಳನ್ನು ನೆನೆದಾಳೆ? ನೀರು ಕಾಗದವನ್ನು ಒಯ್ದೀತು, ಅವಳು ಕಲಿತದ್ದನ್ನು ಒಯ್ಯಲಾರದು. ಹಾಗಿದ್ದರೆ ಕಳೆದುಹೋದದ್ದನ್ನು ಹುಡುಕಿ ತರುವ ಹೊಣೆ ಅವಳೊಬ್ಬಳದೇ ಏಕೆ?

‘ನಿಯಮ ಎಲ್ಲರಿಗೂ ಒಂದೇ ಇರಬೇಕಲ್ಲ’ ಎನ್ನುವವರ ಮಾತಿನಲ್ಲೂ ನ್ಯಾಯದ ಕಾಳಜಿಯಿದೆ. ಒಬ್ಬರಿಗೆ ಸಡಿಲಿಸಿದರೆ ಇನ್ನೊಬ್ಬರ ಪಾಲು ಹೋದೀತೆಂಬ ಅಂಜಿಕೆ ಅದು. 1990ರ ಸುಮಾರಿಗೆ ಕಣಿವೆ ತೊರೆದು ಬಂದ ಕಾಶ್ಮೀರಿ ಕುಟುಂಬಗಳ ಮಕ್ಕಳಿಗೆ ನಮ್ಮ ದೇಶ ರೂಪಿಸಿದ ರಿಯಾಯಿತಿಗಳಲ್ಲಿ ಇದಕ್ಕೆ ಉತ್ತರವಿದೆ. ಕೊನೆಯ ದಿನಾಂಕದ ನಂತರವೂ 30 ದಿನಗಳವರೆಗೆ ಅವಕಾಶ, ಕಟ್-ಆಫ್‌ನಲ್ಲಿ ಶೇ. 10ರವರೆಗೆ ಸಡಿಲಿಕೆ, ವಾಸಸ್ಥಳದ ಷರತ್ತಿಗೆ ವಿನಾಯಿತಿ; ಇವುಗಳ ಜೊತೆಗೆ ಕೋರ್ಸುವಾರು ಶೇ. 5ರವರೆಗೆ ಹೆಚ್ಚುವರಿ ಸೀಟು. ಪಂಕ್ತಿಯಲ್ಲಿ ಕೂತವರ ಎಲೆ ಎತ್ತದೆ, ತಡವಾಗಿ ಬಂದವರಿಗೆ ಇನ್ನೊಂದು ಎಲೆ ಹಾಕುವ ವಿವೇಕ ಇದು.

ಕಾಗದವೇ ಇಲ್ಲದವರ ಗತಿ? ಓದಿಗೆ ಪುರಾವೆ ಒದಗಿಸಲಾಗದ ನಿರಾಶ್ರಿತರ ಅರ್ಹತೆಯನ್ನೂ ನ್ಯಾಯವಾಗಿ ಅಳೆಯುವ ಕ್ರಮ ಬೇಕೆಂದು 1997ರ ಲಿಸ್ಬನ್ ಒಪ್ಪಂದ ಹೇಳಿತು. ಯುರೋಪಿನಲ್ಲಿ 2017ರಲ್ಲಿ ಆರಂಭವಾದ ನಿರಾಶ್ರಿತರ ‘ಅರ್ಹತಾ ಪಾಸ್‌ಪೋರ್ಟ್’ ಅದನ್ನು ಕೈಗೂಡಿಸಿತು. ಉಳಿದಿರುವ ಚೂರುಪಾರು ಪತ್ರಗಳನ್ನು ನೋಡುತ್ತಾರೆ; ಬಳಿಕ ವಿಷಯ ಬಲ್ಲವರು ಎದುರು ಕೂರಿಸಿಕೊಂಡು ಕೇಳುತ್ತಾರೆ. ಪುರಾವೆ ಕಳೆದುಕೊಂಡವರ ಮಾತಿಗೇ ಅಲ್ಲಿ ಪುರಾವೆಯ ಬೆಲೆ. ಕೇಳುವುದಕ್ಕೆ ಸಮಯ ಬೇಕು, ತಾಳ್ಮೆ ಬೇಕು. ಮುದ್ರೆ ನೋಡಿ ಮುಗಿಸುವುದು ಸುಲಭ. ನ್ಯಾಯ ಯಾವಾಗಲೂ ಸುಲಭದ ಕಡೆಗಿರುವುದಿಲ್ಲ.

ಆಶ್ರಯ ಕೋರಿ ಡೇರೆಯೊಳಗೆ ಬಂದವನನ್ನು ಮರುಭೂಮಿಯ ಅರಬರು ‘ದಖೀಲ್’ ಎಂದು ಕರೆಯುತ್ತಿದ್ದರು. ನಮ್ಮ ದಾಖಲಾತಿಯ ಬೇರಿನದೇ ಪದ. ಬಂದವನನ್ನು ಕಾಯುವುದು ಡೇರೆಯ ಯಜಮಾನನ ಹೊಣೆ. ಜೂನ್ ತಿಂಗಳಲ್ಲಿ ದಾಖಲಾತಿ ಪುಸ್ತಕ ತೆರೆದು ಕೂರುವವರೂ ಅಂಥ ಯಜಮಾನರೇ. ಬರಿಗೈಯಲ್ಲಿ ಬಂದು ನಿಂತವಳಿಗೆ ಅವರು ಮೊದಲು ಕುರ್ಚಿ ತೋರಿಸಲಿ. ‘ಏನು ಓದಿದ್ದೀಯಮ್ಮ?’ ಎಂಬ ಪ್ರಶ್ನೆಯಿಂದ ಮಾತು ಶುರುವಾಗಲಿ.