ಕಟ್ಟಳೆಯ ಓದೂ ಮನಸ್ಸಿನ ಓದೂ

(ಅಪೊಸ್ತಲರ ಕೃತ್ಯಗಳು 8:26–40)

ಐಥಿಯೋಪ್ಯ ದೇಶದ ಕಂಚುಕಿಯ ವೃತ್ತಾಂತವನ್ನು ನಾವೆಲ್ಲರು ಅನೇಕಾವರ್ತಿ ಕೇಳಿದ್ದೇವೆ. ಆತನು ಯೆರೂಸಲೇಮಿನಲ್ಲಿ ಆರಾಧನೆಯನ್ನು ಮುಗಿಸಿಕೊಂಡು ರಥದಲ್ಲಿ ಹಿಂದಿರುಗುತ್ತಿದ್ದನು. ಮಾಡತಕ್ಕ ಕರ್ತವ್ಯವು ತೀರಿತ್ತು; ಓದೆಂದು ಹೇಳುವವರು ದಾರಿಯಲ್ಲಿ ಯಾರೂ ಇರಲಿಲ್ಲ. ಆದಾಗ್ಯೂ ಯೆಶಾಯನ ಗ್ರಂಥವನ್ನು ಬಿಚ್ಚಿಕೊಂಡು ಫಿಲಿಪ್ಪನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಓದುತ್ತಿದ್ದನು. ಅರ್ಥವು ತಿಳಿಯುತ್ತಿರಲಿಲ್ಲ, ಬಿಡುವದಕ್ಕೂ ಮನಸ್ಸಿರಲಿಲ್ಲ. ಓಡಿಬಂದ ಫಿಲಿಪ್ಪನು ಪುಸ್ತಕವನ್ನು ಕಿತ್ತುಕೊಂಡನೋ? ಬೇರೊಂದನ್ನು ಕೈಗೆ ಕೊಟ್ಟನೋ? ಇಲ್ಲ. ತಿಳಿಯುತ್ತದೋ ಎಂದು ಕೇಳಿ, ರಥವನ್ನು ಹತ್ತಿ ಆತನ ಬಳಿಯಲ್ಲಿ ಕೂತು, ಆತನು ಓದುತ್ತಿದ್ದ ಮಾತಿನಿಂದಲೇ ಪ್ರಾರಂಭಿಸಿದನು.

ಇದನ್ನು ಬರೆಯುವಾಗ ನಮ್ಮ ಮನಸ್ಸಾಕ್ಷಿಯು ನಮ್ಮನ್ನೇ ಚುಚ್ಚುತ್ತದೆ. ನಮ್ಮ ಸಭೆಯ ಹುಡುಗನೊಬ್ಬನು ಸತ್ಯವೇದದ ಕೆಳಗೆ ಕಥೆಯ ಪುಸ್ತಕವನ್ನಿಟ್ಟುಕೊಂಡು ಓದುವದನ್ನು ಕಂಡೆವು. ಕೋಪದಿಂದ ಅದನ್ನು ಕಿತ್ತುಕೊಂಡು, ದಿನಕ್ಕೆ ಮೂರು ಅಧ್ಯಾಯಗಳನ್ನು ಓದಿ ಒಪ್ಪಿಸಬೇಕೆಂದು ಕಟ್ಟಳೆ ಮಾಡಿದೆವು. ಒಂದು ತಿಂಗಳು ಒಪ್ಪಿಸಿದನು. ಆಮೇಲೆ ಕಥೆಯನ್ನೂ ಬಿಟ್ಟನು, ವೇದವನ್ನೂ ಬಿಟ್ಟನು. ಮಳೆ ಬಂದರೂ ಬಾರದಿದ್ದರೂ ಕಟ್ಟಬೇಕಾದ ಕಂದಾಯದ ಹಾಗೆ ಓದನ್ನು ಮಾಡಿದವರು ನಾವೇ.

ಇದಕ್ಕೆ ದೃಷ್ಟಾಂತವನ್ನು ಹುಡುಕುತ್ತಾ ದೂರ ಹೋಗಬೇಕಾಗಿಲ್ಲ. ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಹೆಸರನ್ನೆತ್ತಿದೊಡನೆ ಕಾಲಜ್ಞಾನದ ನೆನಪಾಗುವದು. ಕಲ್ಯಾಣದ ಬಸವಣ್ಣನವರಿಗಿಂತ ಕೆಲವು ಶತಮಾನಗಳ ತರುವಾಯ ಬಂದ ಕೊಡೇಕಲ್ಲ ಬಸವಣ್ಣನವರ ಒಗಟಿನಂಥ ನುಡಿಗಳನ್ನು ಓದಬೇಕೆಂದು ಯಾವ ಸರ್ಕಾರವೂ ಆಜ್ಞಾಪಿಸಲಿಲ್ಲ. ಆದರೂ ಜನರು ಅವುಗಳನ್ನು ಕೇಳಿದರು, ಕಾಪಾಡಿಕೊಂಡು ಬಂದರು. 1840ರ ಸುಮಾರಿಗೆ ಧಾರವಾಡ ಸೀಮೆಯಲ್ಲಿ ಬಾಸೆಲ್ ಮಿಶನಿನ ಬೋಧಕರು ಕಾಲಜ್ಞಾನವನ್ನು ನಂಬಿ ಓದುತ್ತಿದ್ದ ಒಂದು ಪಂಗಡವನ್ನು ಕಂಡರು. ತಮ್ಮ ಗ್ರಂಥಗಳಲ್ಲಿ ಬರುವನೆಂದು ಹೇಳಿರುವಾತನು ಈ ಬೋಧಕರು ಸಾರುವ ಕರ್ತನೇ ಆಗಿರಬಹುದೋ ಎಂದು ಆ ಜನರು ತಾವಾಗಿಯೇ ವಿಚಾರಿಸುತ್ತಾ ಬಂದರು. ಗದಗಿನ ಸಮೀಪದ ಮಲಸಮುದ್ರದಲ್ಲಿ ಮಿಶನಿನವರು ಒಂದು ನೆಲೆಯನ್ನು ಮಾಡಿದ್ದು ಇಂಥವರಿಗಾಗಿಯೇ. ಬೋಧಕರು ಆಶಿಸಿದಷ್ಟು ಫಲವು ದೊರೆಯಲಿಲ್ಲವೆಂಬದನ್ನು ನಾವು ಮುಚ್ಚಿಡುವದಿಲ್ಲ. ಆದರೆ ವಿಚಾರಿಸುವದಕ್ಕೆ ಬಂದವರು ತಮ್ಮ ಪುಸ್ತಕವನ್ನು ಪ್ರೀತಿಸಿದವರೇ ಹೊರತು ಒಪ್ಪಿಸುವದಕ್ಕಾಗಿ ಓದಿದವರಲ್ಲ.

‘ಯಾತ್ರಿಕನ ಸಂಚಾರ’ವನ್ನು ತೆಗೆದುಕೊಳ್ಳಿರಿ. ವೇದದ ತರುವಾಯ ಇದನ್ನು ಓದಲೇಬೇಕೆಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. 1678ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಈ ಪುಸ್ತಕವು 1847ರಲ್ಲಿ ಕನ್ನಡಕ್ಕೆ ಬಂತು. ಬನಿಯನನು ತನ್ನ ಮುನ್ನುಡಿಯಲ್ಲಿ ಹೇಳುವದೇನಂದರೆ, ಬೇರೊಂದು ಪುಸ್ತಕವನ್ನು ಬರೆಯುತ್ತಿರುವಾಗ ಈ ದೃಷ್ಟಾಂತವು ಹೊಳೆಯಿತು. ಲೋಕಕ್ಕೆ ತೋರಿಸಬೇಕೆಂದಲ್ಲ, ತನ್ನ ಸಂತೋಷಕ್ಕಾಗಿಯೇ ಬರೆದನು. ಅಚ್ಚು ಹಾಕಿಸೆಂದು ಕೆಲವರೂ ಬೇಡವೆಂದು ಕೆಲವರೂ ಹೇಳಿದರಂತೆ. ಬೇಡವೆಂದವರು ನಮ್ಮಂಥವರೇ ಆಗಿರಬೇಕು!

ಹಾಗಾದರೆ ಕಟ್ಟಳೆಯೇ ಬೇಡವೋ ಎಂದು ತಂದೆತಾಯಿಗಳು ಕೇಳುವರು. ಬೇಕು. ಅಕ್ಷರ ಕಲಿಯುವ ಕೂಸನ್ನು ಕೂಡ್ರಿಸಿ ಕಲಿಸಲೇಬೇಕು. ಮಣ್ಣು ಕೊಡುವ ದಿನ ನಮ್ಮ ಬಾಯಿಗೆ ತಾನಾಗಿಯೇ ಬರುವ ಕೀರ್ತನೆಯು ಬಾಲ್ಯದಲ್ಲಿ ಬೇಸರದಿಂದ ಬಾಯಿಪಾಠ ಮಾಡಿದ್ದೇ. ಆದರೆ ಯಾಜಕಕಾಂಡದ ಹಾಳೆಗಳನ್ನು ತಿರುವಿಹಾಕಿ, ಮುಗಿಯಿತೆಂದು ಗುರುತು ಮಾಡಿ, ನೆರೆಯವನು ಎಷ್ಟು ಓದಿದನೆಂದು ಕೇಳುವ ಓದು ಯಾರಿಗಾಗಿ? ದಾವೀದನು ದೇವರ ಮಾತನ್ನು ಜೇನಿಗೆ ಹೋಲಿಸಿದ್ದಾನಲ್ಲವೇ? ಜೇನನ್ನು ಲೆಕ್ಕವಿಟ್ಟು ಬಾಯಿಗೆ ತುರುಕಿಕೊಳ್ಳುವವರನ್ನು ನಾವಂತೂ ಕಂಡಿಲ್ಲ.

ಆ ಹುಡುಗನ ಪುಸ್ತಕವು ಇನ್ನೂ ನಮ್ಮ ಪೆಟ್ಟಿಗೆಯಲ್ಲಿದೆ. ಈ ಭಾನುವಾರ ಆರಾಧನೆಯಾದ ಮೇಲೆ ಅವನ ಮನೆಗೆ ಹೋಗಿ ಅದನ್ನು ಹಿಂದಕ್ಕೆ ಕೊಡುವೆವು. ಅವನು ಒಪ್ಪಿದರೆ, ಬಿಟ್ಟಲ್ಲಿಂದ ನಮಗೆ ಓದಿಹೇಳೆಂದು ಕೇಳಿ ಅವನ ಪಕ್ಕದಲ್ಲಿ ಕೂಡ್ರುವೆವು. ಗುರುತಿಗೆಂದು ಅವನು ಇಟ್ಟಿದ್ದ ಜೋಳದ ಎಲೆಯು ಒಣಗಿ ಆ ಪುಟದಲ್ಲಿಯೇ ಇದೆ.