ನಾವು ಅನುಭವಿಸಲಿಲ್ಲವೇ?

ಅತ್ತೆಯ ಕಾಟ ಸಹಿಸಿದ ಸೊಸೆ ತಾನು ಅತ್ತೆಯಾದಾಗ, ಮೇಲಿನವರ ದರ್ಪಕ್ಕೆ ನಲುಗಿದ ಗುಮಾಸ್ತ ತಾನೇ ಅಧಿಕಾರಿಯಾದಾಗ ಆಡುವ ಮಾತೊಂದಿದೆ: ‘ನಾವು ಅನುಭವಿಸಲಿಲ್ಲವೇ? ನೀವೂ ಅನುಭವಿಸಿ.’ ಕೇಳಲು ನ್ಯಾಯದಂತೆ ತೋರುವ ಈ ಮಾತಿನ ಬಲದಿಂದಲೇ ಎಷ್ಟೋ ಅನ್ಯಾಯಗಳು ತಲೆಮಾರುಗಳನ್ನು ದಾಟಿ ಬಂದಿವೆ. ಹಾಗೆನ್ನಲು ಎಲ್ಲರಿಗಿಂತ ಹೆಚ್ಚು ಕಾರಣವಿದ್ದೂ ಅದನ್ನು ಬಾಯಿಗೆ ತಂದುಕೊಳ್ಳದ ಹೆಣ್ಣೊಬ್ಬಳು ಕನ್ನಡ ಕಾದಂಬರಿಯಲ್ಲಿದ್ದಾಳೆ. ಆಕೆ ಎಂ.ಕೆ. ಇಂದಿರಾ ಅವರ ಫಣಿಯಮ್ಮ.

1976ರಲ್ಲಿ ಪ್ರಕಟವಾದ ‘ಫಣಿಯಮ್ಮ’ದ ಹಿಂದೆ ನಿಜವಾಗಿ ಬಾಳಿದ ಜೀವವೊಂದಿದೆ. ಆಕೆ ಹೇಳಿಕೊಂಡ ಬದುಕನ್ನು ಇಂದಿರಾ ಅವರು ಕೇಳಿದ್ದು ತಮ್ಮ ತಾಯಿಯ ಬಾಯಿಂದ. ಮಲೆನಾಡಿನ ತುಂಬು ಕುಟುಂಬದ ಹುಡುಗಿಗೆ ಎಳೆಯ ಪ್ರಾಯದಲ್ಲೇ ಮದುವೆಯಾಯಿತು. ಗಂಡನಾದ ಹುಡುಗ ಹಾವು ಕಚ್ಚಿ ತೀರಿಕೊಂಡ. ಸಂಸಾರವೆಂದರೇನೆಂದು ತಿಳಿಯುವ ಮೊದಲೇ ಆಕೆ ವಿಧವೆ. ಮೈನೆರೆದ ಮೇಲೆ ತಲೆ ಬೋಳಿಸಿ ಮಡಿಗೆ ಸೇರಿಸಿದರು. ಇದರಲ್ಲಿ ಯಾವುದಕ್ಕೂ ಅವಳ ಒಪ್ಪಿಗೆ ಕೇಳಿದವರಿಲ್ಲ.

ಹೀಗೆ ಪರರ ಹಂಗಿನಲ್ಲಿದ್ದ ಹುಡುಗಿ ನಾಲ್ಕು ಜನ ನೆಚ್ಚುವ ಹಿರಿಯಳಾದದ್ದು ಹೇಗೆ? ಯಾರೂ ಅವಳಿಗೆ ಪಟ್ಟ ಕಟ್ಟಲಿಲ್ಲ. ಬಾಣಂತನಕ್ಕೆ, ಆರೈಕೆಗೆ, ಅಡುಗೆಗೆ ಕರೆದಲ್ಲಿ ಒದಗಿದಳು. ಒದಗುತ್ತಲೇ ಹೆಣ್ಣುಮಕ್ಕಳ ಪಾಡನ್ನು ಹತ್ತಿರದಿಂದ ಕಂಡಳು. ಅಸ್ಪೃಶ್ಯಳೆನಿಸಿಕೊಂಡ ಹೆಣ್ಣೊಬ್ಬಳು ಹೆರಿಗೆಯಾಗದೆ ಒದ್ದಾಡುತ್ತಿದ್ದಾಗ, ಆಚಾರದ ಅಂಜಿಕೆಯನ್ನು ಬದಿಗಿಟ್ಟು ಹೋಗಿ ತನ್ನ ಕೈಯಾರೆ ಹೆರಿಗೆ ಮಾಡಿಸಿದಳು. ಬಾಳಿನ ಯಾವ ತೀರ್ಮಾನವನ್ನೂ ತಾನು ಮಾಡಿರದ ಆಕೆ ಆ ಕ್ಷಣ ಎರಡು ಜೀವಗಳ ಪರವಾಗಿ ತೀರ್ಮಾನ ಮಾಡಿದ್ದಳು.

ಇನ್ನೂ ಕಠಿಣವಾದ ಪರೀಕ್ಷೆ ಬಂದದ್ದು ದಾಕ್ಷಾಯಿಣಿಯ ರೂಪದಲ್ಲಿ. ಈ ಎಳೆಯ ವಿಧವೆ ತಲೆಕೂದಲು ತೆಗೆಸಲಾರೆನೆಂದು ಹಟ ಹಿಡಿದಳು. ಫಣಿಯಮ್ಮ ‘ನಾನು ತೆಗೆಸಲಿಲ್ಲವೇ?’ ಎಂದಿದ್ದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು, ಊರೂ ತಲೆದೂಗುತ್ತಿತ್ತು. ಆಕೆ ದಾಕ್ಷಾಯಿಣಿಯ ಪರ ನಿಂತಳು. ತಾನುಂಡ ಕಹಿಯನ್ನು ಮುಂದಿನ ಎಲೆಗೆ ಬಡಿಸಲಿಲ್ಲ.

ನೋವು ತಾನಾಗಿಯೇ ಯಾರನ್ನೂ ದೊಡ್ಡವರನ್ನಾಗಿ ಮಾಡುವುದಿಲ್ಲ. ಹಲವರನ್ನು ಅದು ಕಲ್ಲಾಗಿಸುತ್ತದೆ. ನನಗೇಕೆ ಹೀಗಾಯಿತು ಎಂಬ ಪ್ರಶ್ನೆ, ಇದು ಇನ್ನೊಬ್ಬಳಿಗೆ ಏಕಾಗಬೇಕು ಎಂದು ಬೆಳೆದಾಗ ಮಾತ್ರ ಅಬಲೆಯೊಳಗಿನ ನಾಯಕಿ ಎದ್ದು ನಿಲ್ಲುತ್ತಾಳೆ. ಫಣಿಯಮ್ಮ ತನ್ನ ಮಡಿಯನ್ನು ಕಡೆಯವರೆಗೂ ಬಿಡಲಿಲ್ಲ. ಕಳೆದುಹೋದ ಬಾಲ್ಯವನ್ನು, ಬಾಳಬಹುದಾಗಿದ್ದ ಬಾಳನ್ನು ಅವಳಿಗೆ ಮರಳಿ ಕೊಡುವವರೂ ಇರಲಿಲ್ಲ. ಆ ನಷ್ಟವನ್ನು ತ್ಯಾಗವೆಂದು ಹೊಗಳಿ ನಾವು ಜಾರಿಕೊಳ್ಳಬಾರದು. ಆದರೆ ತನಗೆ ಸಿಗದ ಸ್ವಾತಂತ್ರ್ಯ ಕಿರಿಯಳಿಗೆ ಸಿಗಲೆಂದು ಬಯಸಲು ಬೇಕಾದ ಧೈರ್ಯ ಸಣ್ಣದಲ್ಲ. ಗೆದ್ದವರು ಉದಾರಿಗಳಾಗುವುದು ಸುಲಭ. ಸೋತ ಬಾಳಿನ ನಡುವೆ ಹೊಟ್ಟೆಕಿಚ್ಚಿಲ್ಲದೆ ಉಳಿಯುವುದು ಅಪರೂಪ.

ಮನೆಯಲ್ಲೋ ಕಚೇರಿಯಲ್ಲೋ ಶಾಲೆಯಲ್ಲೋ ನಮ್ಮ ಮಾತು ನಡೆಯುವ ಕಾಲವೊಂದು ನಮಗೂ ಬರುತ್ತದೆ. ಕಿರಿಯರು ಒಂದು ಕಟ್ಟಳೆಯನ್ನು ಒಲ್ಲೆವೆಂದಾಗ, ನಾವದನ್ನು ಸಹಿಸಿದ್ದೆವು ಎಂಬುದು ಉತ್ತರವಾಗಲಾರದು. ಆ ಕಟ್ಟಳೆಯಿಂದ ಯಾರಿಗೆ ಒಳಿತಾಗುತ್ತಿದೆ ಎಂದು ವಿಚಾರಿಸೋಣ. ಯಾರಿಗೂ ಇಲ್ಲವೆಂದಾದರೆ ಅದು ನಮ್ಮಲ್ಲಿಗೇ ಕೊನೆಯಾಗಲಿ.